ತುದಿಯ ಕೇರಿಗೆ ಮೊದಲ ನೀರು

ನೀರು ಬಿಡುವ ಕೆಲಸಕ್ಕೆ ಸೇರುವ ಹೊಸಬರ ಕೈಗೆ ಮೊದಲು ಕೊಡುವುದು ಒಂದು ಕೀ. ಬೀರುವಿನ ಕೀ ಎಂದುಕೊಂಡು ಒಂದು ಕೈ ಚಾಚಬೇಡಿ. ಅದು ಎದೆಯೆತ್ತರದ ಕಬ್ಬಿಣದ ಸರಳು. ಮೇಲೆ ಹಿಡಿಯಲು ಅಡ್ಡಪಟ್ಟಿ, ಕೆಳಗೆ ವಾಲ್ವಿನ ತಲೆ ಹಿಡಿಯುವ ಚೌಕದ ಬಾಯಿ. ಅದನ್ನು ಹೆಗಲ ಮೇಲೆ ಹೊತ್ತು ಜಯನಗರದ ಬೀದಿಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ನಡೆದಿದ್ದೇನೆ. ನನ್ನ ಎಡಹೆಗಲು ಬಲಹೆಗಲಿಗಿಂತ ಒಂದು ಬೆರಳು ತಗ್ಗು. ಅಂಗಿಗೆ ಅಳತೆ ತೆಗೆಯುವಾಗ ದರ್ಜಿ ಪ್ರತಿ ಸಲವೂ ಯಾಕೆಂದು ಕೇಳುತ್ತಾನೆ. ನಾನೂ ಪ್ರತಿ ಸಲ ಬೇಸರವಿಲ್ಲದೆ ಹೇಳುತ್ತೇನೆ.

ನನ್ನ ಹೆಸರು ಹನುಮಯ್ಯ, ಊರು ಜರಗನಹಳ್ಳಿ. ಓದಿದ್ದು ನಾಲ್ಕನೇ ಕ್ಲಾಸು. ಮೇಷ್ಟರು ಹೊಡೆದರೆಂದು ಬಿಟ್ಟವನಲ್ಲ. ಅಪ್ಪನಿಗೆ ಕಾಲು ಹೋಯಿತು, ತಾತನಿಗೆ ಕಣ್ಣು ಮಂಜಾಯಿತು, ಕೆರೆಯ ತೂಬಿನ ಹತ್ತಿರ ನಿಲ್ಲಲು ಒಬ್ಬರು ಬೇಕಾಗಿತ್ತು. ನಮ್ಮ ತಾತ ಊರ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ತೀರ್ಮಾನಿಸಿ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಶಾನುಭೋಗರಾಗಲಿ ಪಟೇಲರಾಗಲಿ ಅವನನ್ನು ಕೇಳದೆ ಕಾಲುವೆಗೆ ಗುದ್ದಲಿ ಹಾಕುತ್ತಿರಲಿಲ್ಲ. ನಮ್ಮನ್ನು ಜಗಲಿಯ ಕೆಳಗೆ ನಿಲ್ಲಿಸಿ ಮಾತಾಡಿಸುತ್ತಿದ್ದವರೇ ನೀರಿನ ದಿನ ಜಗಲಿ ಇಳಿದು ಬರುತ್ತಿದ್ದರು.

ಆ ತಾತನ ಒಂದು ಕಟ್ಟಳೆ ಇತ್ತು. ಕೆರೆ ತುಂಬಿದ ವರ್ಷ ತಲೆಯ ಗದ್ದೆಗೆ ಮೊದಲು, ಕೊರತೆಯ ವರ್ಷ ಬಾಲದ ಗದ್ದೆಗೆ ಮೊದಲು. ಯಾಕೆ ತಾತ ಎಂದು ಕೇಳಿದ್ದೆ.

"ತಲೆ ಗದ್ದೆಯೋನು ಹೆಂಗಿದ್ರೂ ಕುಡೀತಾನೆ ಕಣ್ಲಾ. ನೀರು ಅವನ ಮನೆ ಮುಂದೇನೇ ಹೋಗ್ಬೇಕಲ್ಲ. ಬಾಲಕ್ಕೆ ಕೊಟ್ಟು ಬಾ, ತಲೆ ತಾನಾಗೇ ನೆನೀತದೆ."

ನಾನು ಸ್ಕೂಲಿನಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಇದನ್ನು ಮರೆತಿಲ್ಲ.

ಐವತ್ತರ ದಶಕದಲ್ಲಿ ಜಯನಗರದ ಬಡಾವಣೆಗೆ ಪೈಪು ಹೂಳುವ ಕೆಲಸ ನಡೆಯುತ್ತಿತ್ತು. ಕನಕಪುರ ರಸ್ತೆ ಹಿಡಿದು ನಡೆದು ಬಂದು ಮಣ್ಣು ಅಗೆಯುವ ಗ್ಯಾಂಗಿಗೆ ಸೇರಿದೆ. ಅಗೆದ ಪೈಪೆಲ್ಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೆನಪಿಟ್ಟುಕೊಂಡಿದ್ದವನು ಇಡೀ ಗ್ಯಾಂಗಿನಲ್ಲಿ ನಾನೊಬ್ಬನೇ. ಅದನ್ನು ಓವರ್‌ಸಿಯರ್ ಅನಂತರಾಯರು ಗಮನಿಸಿದರು. ಕನ್ನಡಕದ ಮೇಲಿಂದ ನೋಡುವವರು, ಬಾಯಿ ಜೋರು, ಮನಸ್ಸು ಮೆತ್ತಗೆ. ಒಂದು ದಿನ ಕರೆದು ಕೀ ಕೊಟ್ಟರು. "ಬೆಳಗ್ಗೆ ಐದಕ್ಕೆ ಬಿಡು, ಎಂಟಕ್ಕೆ ನಿಲ್ಸು. ಈ ಪಟ್ಟೀಲಿ ಯಾವ ಬೀದಿ ಮೊದಲು ಅಂತ ಬರೆದಿದೆ. ಬುದ್ಧಿ ಉಪಯೋಗಿಸಬೇಡ, ಪಟ್ಟಿ ಉಪಯೋಗಿಸು."

ಮೊದಲ ತಿಂಗಳಲ್ಲೇ ಎಡವಿದೆ. ಎರಡನೇ ಬ್ಲಾಕಿನಲ್ಲಿ ಒಂದು ಮದುವೆ ಮನೆ. ಅವರ ಬೀದಿಯ ವಾಲ್ವನ್ನು ಪೂರ್ತಿ ತೆರೆದು ಬಂದೆನೆಂದುಕೊಂಡಿದ್ದೆ. ಎಲ್ಲ ವಾಲ್ವುಗಳೂ ಒಂದೇ ಕಡೆಗೆ ತೆರೆಯುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಆ ಒಂದು ವಾಲ್ವಿನ ತಿರುಪು ಉಲ್ಟಾ. ನಾನು ಬಲವೆಲ್ಲ ಹಾಕಿ ತೆರೆದೆನೆಂದುಕೊಂಡದ್ದು, ಬಲವೆಲ್ಲ ಹಾಕಿ ಮುಚ್ಚಿದ್ದು. ಅಡುಗೆಯವರು ಸೌಟು ಹಿಡಿದುಕೊಂಡೇ ಬೀದಿಗೆ ಬಂದರು. ವರನ ಕಡೆಯವರು ಹಲ್ಲುಪುಡಿ ತುಂಬಿದ ಬಾಯಲ್ಲಿ ಸಾಲಾಗಿ ನಿಂತಿದ್ದರು. ಬೈಯಲು ಬಾಯಿ ಖಾಲಿಯಿಲ್ಲದ್ದೇ ನನ್ನ ಪುಣ್ಯ.

ಅನಂತರಾಯರು ಬೈದರು, ಆಮೇಲೆ ಕಲಿಸಿದರು. ಒಂದು ತೆಳು ಕಬ್ಬಿಣದ ಸಲಾಕೆ ತರಿಸಿ, ಅದರ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು, ಇನ್ನೊಂದನ್ನು ನನ್ನ ಕಿವಿಗೆ ಒತ್ತಿದರು. ಒಳಗೆ ನೀರು ಓಡುವ ಸದ್ದು ಕೇಳಿತು. "ಕೈ ಮಾಡಿದ್ದನ್ನ ಕಿವಿ ಒಪ್ಪಬೇಕು. ಕಿವಿ ಒಪ್ಪದೆ ಮುಂದಿನ ಬೀದಿಗೆ ಹೋಗಬೇಡ" ಎಂದರು. ಈಗ ಸೋರಿಕೆ ಹುಡುಕಲು ಬ್ಯಾಟರಿಯ ಯಂತ್ರಗಳು ಬಂದಿವೆಯಂತೆ. ಒಳ್ಳೆಯದೇ. ಆದರೆ ಸಲಾಕೆಯನ್ನು ಎಸೆಯಬೇಡಿ, ಅದಕ್ಕೆ ಬ್ಯಾಟರಿ ಮುಗಿಯುವುದಿಲ್ಲ.

ಇನ್ನು ನಾನು ಹೇಳಬೇಕೆಂದು ಕುಳಿತಿರುವ ವಿಷಯಕ್ಕೆ ಬರುತ್ತೇನೆ.

ಕಾರ್ಪೊರೇಷನ್ ಚುನಾವಣೆ ಬಂತೆಂದರೆ ನೀರು ಬಿಡುವವನಿಗೆ ನಮಸ್ಕಾರ ಜಾಸ್ತಿಯಾಗುತ್ತದೆ. ಹೊಸಬರು ಇದನ್ನು ತಿಳಿದಿರಬೇಕು. ಯಾವ ಬೀದಿಯಲ್ಲಿ ಯಾರು ಕೂಗಾಡುತ್ತಾರೆ, ಯಾರು ಸುಮ್ಮನೆ ನುಂಗಿಕೊಳ್ಳುತ್ತಾರೆ ಎಂದು ನಮಗೆ ಗೊತ್ತಿರುತ್ತದೆ. ಹಾಗಾಗಿ ನಿಲ್ಲುವವರೆಲ್ಲ ಬಂದು ಕಾಫಿ ಕುಡಿಸುತ್ತಾರೆ. ನಾನು ಕುಡಿಯುತ್ತಿರಲಿಲ್ಲ.

ಆ ವರ್ಷ ನಮ್ಮ ವಾರ್ಡಿಗೆ ಹಾಲಿ ಮೆಂಬರಿಗೆ ಎದುರಾಗಿ ಗುರುಮಲ್ಲಪ್ಪನವರು ನಿಂತರು. ತುಮಕೂರಿನ ಕಡೆಯಿಂದ ಬಂದು ಮೂರನೇ ಬ್ಲಾಕಿನಲ್ಲಿ ದಿನಸಿ ಅಂಗಡಿ ಇಟ್ಟವರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು. ಒಂದು ಸಂಜೆ ಅಂಗಡಿಯ ಮುಂದೆ ಹೋಗುತ್ತಿದ್ದವನನ್ನು ಕೂಗಿ, ಬೆಲ್ಲ ಕಟ್ಟುವ ಕಾಗದದಲ್ಲಿ ಬರೆದಿದ್ದ ಏಳು ಸಾಲು ತೋರಿಸಿದರು. ಗೆದ್ದರೆ ಮಾಡುವ ಏಳು ಕೆಲಸ. ಮರುದಿನ ನೋಟೀಸು ಅಚ್ಚಿಗೆ ಹೋಗಬೇಕಿತ್ತು.

ಮೊದಲನೆಯದು ಪಾರ್ಕಿನಲ್ಲಿ ಕಾರಂಜಿ. ಎರಡು ಬೀದಿ ದೀಪ. ಮೂರು ವಾಚನಾಲಯ. ನೀರು ಎಲ್ಲೋ ಐದನೆಯದಾಗಿತ್ತು, ಅದೂ "ಸುಧಾರಣೆ" ಎಂಬ ಒಂದೇ ಮಾತಿನಲ್ಲಿ.

"ಹೇಗಿದೆ ಹನುಮಯ್ಯ? ನಮ್ಮ ಬೀದಿಯೋರೆಲ್ಲ ಕೂತು ಮಾಡಿದ್ದು."

"ನಿಮ್ಮ ಬೀದಿಗೆ ಚೆನ್ನಾಗಿದೆ ಯಜಮಾನ್ರೇ."

ಅವರಿಗೆ ಚುರುಕ್ಕೆಂದಿತು. "ಹಾಗಂದ್ರೆ? ಏನು ಮೊದಲು ಹಾಕ್ಬೇಕು ಅಂತೀಯ?"

"ನಾನು ಕಾರ್ಪೊರೇಷನ್ ನೌಕರ. ನೀವು ಕೇಳಬಾರದು, ನಾನು ಹೇಳಬಾರದು. ಬೆಳಗ್ಗೆ ಐದಕ್ಕೆ ಕೀ ಹೊತ್ಕೊಂಡು ಹೋಗ್ತೀನಿ. ರಸ್ತೆ ನಮ್ಮಪ್ಪಂದಲ್ಲ. ಹಿಂದೆ ಯಾರಾದ್ರೂ ಬಂದ್ರೆ ಬೇಡ ಅನ್ನೋಕಾಗಲ್ಲ."

ಮರುದಿನ ಐದಕ್ಕೆ ಮಫ್ಲರ್ ಸುತ್ತಿಕೊಂಡು ಬಂದೇಬಿಟ್ಟರು. ಜೊತೆಗೆ ಅವರ ಭಾಮೈದ ಸೋಮಶೇಖರ. ಚುನಾವಣೆಯ ಓಡಾಟವೆಲ್ಲ ಅವನದೇ. ಪಟ್ಟಿಯಲ್ಲಿ ಮೊದಲು ಬರುವ ಮುಂದಿನ ಬೀದಿಗಳು, ಗುರುಮಲ್ಲಪ್ಪನವರದೂ ಸೇರಿ, ತಗ್ಗಿನಲ್ಲಿವೆ. ವಾಲ್ವು ತಿರುಗಿಸುತ್ತಲೇ ನೀರು ನುಗ್ಗಿತು. ತೊಟ್ಟಿಗಳು ತುಂಬಿ ಹೊರಗೆ ಹರಿದವು, ಒಬ್ಬರ ಮನೆಯಲ್ಲಿ ಗುಲಾಬಿ ಗಿಡಕ್ಕೆ ಪೈಪು ಹಿಡಿದಿದ್ದರು. ಹೀಗೆ ಬೀದಿ ಬೀದಿ ದಾಟಿ ಕೊನೆಗೆ ಬೈರಸಂದ್ರದ ಕಡೆಯ ಬಂಡೆ ಕೇರಿ ಹತ್ತಿದೆವು. ಬಡಾವಣೆಯ ಮನೆಗಳಿಗೆ ಕಲ್ಲು ಒಡೆದುಕೊಟ್ಟವರ ಗುಡಿಸಲುಗಳು ಅಲ್ಲಿವೆ. ಇಡೀ ಕೇರಿಗೆ ಇದ್ದದ್ದು ಒಂದು ಬೀದಿ ನಲ್ಲಿ.

ನಲ್ಲಿಯ ಮುಂದೆ ಉದ್ದ ಸಾಲು. ಜನರದ್ದಲ್ಲ, ಕಲ್ಲುಗಳದ್ದು. ಹಿಂದಿನ ಸಂಜೆಯೇ ಒಬ್ಬೊಬ್ಬರೂ ತಮ್ಮ ಗುರುತಿನ ಕಲ್ಲನ್ನು ಸಾಲಿನಲ್ಲಿಟ್ಟು ಹೋಗುತ್ತಿದ್ದರು. ಒಂದಕ್ಕೆ ಸುಣ್ಣದ ಬೊಟ್ಟು, ಒಂದಕ್ಕೆ ಅರಿಶಿನ, ಒಂದಕ್ಕೆ ಉಳಿಯಲ್ಲಿ ಕೆತ್ತಿದ ಗೆರೆ. ಸಾಲಿನ ಮೊದಲ ಕಲ್ಲು ಮುನಿತಾಯಮ್ಮನದು. ಆ ಕೇರಿಗೆ ಹಿರಿಯಳು. ಕೈ ಕಲ್ಲಿನಷ್ಟೇ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ.

ನಲ್ಲಿ ಕೆಮ್ಮಿತು. ನೂಲಿನಷ್ಟು ನೀರು ಬಂತು. ಎರಡು ಕೊಡ ತುಂಬುವಷ್ಟರಲ್ಲಿ ಅದೂ ನಿಂತು ಬುಸ್ಸೆಂದು ಗಾಳಿ ಹೊರಟಿತು. ನಾನು ಸಲಾಕೆಯನ್ನು ವಾಲ್ವಿನ ಮೇಲಿಟ್ಟು ಗುರುಮಲ್ಲಪ್ಪನವರ ಕಿವಿಗೆ ಕೊಟ್ಟೆ.

"ಒಳಗೆ ಏನೋ ಊಳಿಡ್ತಿದೆಯಲ್ಲಯ್ಯ."

"ಅದು ಹೋದ ಸಲ ನಾವು ಹಾಕಿದ ಓಟು ಕಣಪ್ಪೋ" ಎಂದಳು ಮುನಿತಾಯಮ್ಮ. "ಪೆಟ್ಟಿಗೇಲಿ ಹಾಕಿದ ದಿನದಿಂದ ಹಂಗೇ ಊಳಿಡ್ತಾ ಅದೆ. ನೀನೂ ಓಟಿಗೇ ಬಂದೋನಾ? ಹಂಗಾದ್ರೆ ಒಂದು ಕಲ್ಲು ತಂದು ಸಾಲಲ್ಲಿ ಇಡು. ನಿನ್ನ ಸರದಿ ಬಂದಾಗ ಕೂಗ್ತೀವಿ."

ಕೇರಿಯ ಹೆಂಗಸರೆಲ್ಲ ನಕ್ಕರು. ಸೋಮಶೇಖರನಿಗೆ ಕೋಪ ಬಂತು. ಗುರುಮಲ್ಲಪ್ಪನವರು ಬಗ್ಗಿ, ದಾರಿಯಲ್ಲಿದ್ದ ಒಂದು ಕಲ್ಲೆತ್ತಿ, ಸಾಲಿನ ಕೊನೆಯಲ್ಲಿ ಇಟ್ಟರು.

ಇಳಿಯುವಾಗ ಕೇಳಿದರು, "ಯಾಕಯ್ಯ ಮೇಲಕ್ಕೆ ಹತ್ತಲ್ಲ? ಪೈಪು ಸಣ್ಣದಾ?"

"ಪೈಪು ಸರಿಯಾಗಿದೆ. ನಾನೇ ಹೂತಿದ್ದು. ಮುಂದಿನ ಬೀದಿಗಳನ್ನ ಮೊದಲು ತೆಗೆದರೆ ತಗ್ಗಿನೋರೇ ಎಲ್ಲಾ ಕುಡಿದುಬಿಡ್ತಾರೆ. ಮೇಲಕ್ಕೆ ಹತ್ತೋಕೆ ನೀರಿಗೆ ದಮ್ಮು ಇರಲ್ಲ. ಅವನ್ನ ಒಂದು ಗಂಟೆ ಮುಚ್ಚಿಟ್ಟು ಬಂಡೆ ಕೇರಿಗೆ ಮೊದಲು ಬಿಟ್ಟರೆ ಹತ್ತತ್ತೆ. ಈ ಪಟ್ಟಿ ಬರೆದಾಗ ಇಲ್ಲಿ ಕೇರೀನೇ ಇರ್ಲಿಲ್ಲ. ಆಮೇಲೆ ಯಾರೂ ತಿದ್ದಲಿಲ್ಲ."

"ಒಂದು ಪೈಸೆ ಖರ್ಚಿಲ್ವಾ?"

"ಖರ್ಚಿಲ್ಲ. ನಿಮ್ಮ ಬೀದಿಗೆ ಒಂದು ಗಂಟೆ ತಡ, ಅಷ್ಟೇ."

ಆ "ಅಷ್ಟೇ" ಎಷ್ಟು ದೊಡ್ಡದೆಂದು ಇಬ್ಬರಿಗೂ ಗೊತ್ತಿತ್ತು. ಅವರ ಓಟೆಲ್ಲ ಇದ್ದದ್ದು ಮುಂದಿನ ಬೀದಿಗಳಲ್ಲಿ. ಸ್ನಾನ, ಮಡಿ, ಆಫೀಸಿನ ಊಟದ ಡಬ್ಬಿ ಎಲ್ಲವೂ ಐದು ಗಂಟೆಯ ನೀರಿನ ಮೇಲೆ ನಿಂತಿದ್ದ ಮನೆಗಳು.

ಮೂರು ದಿನ ಬಿಟ್ಟು ನೋಟೀಸು ಬಂತು. ಕಾರಂಜಿ ಏಳನೆಯ ಸಾಲಿಗೆ ಇಳಿದಿತ್ತು. ಮೊದಲ ಸಾಲು ಹೀಗಿತ್ತು: "ಒಂದು: ಬಂಡೆ ಕೇರಿಗೆ ಮೊದಲ ನೀರು. ಇದರಿಂದ ಮುಂದಿನ ಬೀದಿಗಳಿಗೆ ಒಂದು ಗಂಟೆ ತಡವಾಗುತ್ತದೆ."

ಸೋಮಶೇಖರ ಅಂಗಡಿಯ ಮುಂದೆಯೇ ತಲೆ ಚಚ್ಚಿಕೊಂಡ. "ಮಾಡ್ತೀನಿ ಅಂತ ಹಾಕೋದು ಸರಿ ಭಾವ. ತಡ ಆಗುತ್ತೆ ಅಂತಾನೂ ಯಾರಾದ್ರೂ ಅಚ್ಚು ಹಾಕಿಸ್ತಾರಾ?"

"ಹಳೇ ಬೆಲ್ಲಾನ ಹಳೇ ಬೆಲ್ಲ ಅಂತ ಹೇಳೇ ಮಾರಿದ್ದೀನಿ ಕಣೋ. ಗಿರಾಕಿ ವಾಪಸ್ ಬಂದಿದ್ದಾನೆ."

ಈಗ ನನ್ನ ತಪ್ಪನ್ನು ಹೇಳಬೇಕು. ಮದುವೆ ಮನೆಯ ತಪ್ಪು ಕೈಯದು. ಇದು ತಲೆಯದು.

ಓಟಿಗೆ ಐದು ದಿನ ಉಳಿದಿತ್ತು. ಬೇಸಿಗೆ. ಆವತ್ತು ಬಂಡೆ ಕೇರಿಯಲ್ಲಿ ಒಬ್ಬ ಬಾಣಂತಿ ಖಾಲಿ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಳು, ಹಿಂದಿನ ವಾರ ಹೆತ್ತವಳು. ನಲ್ಲಿಯಲ್ಲಿ ಬರೀ ಗಾಳಿ. ಅವಳು ಕೊಡವನ್ನು ಬೋರಲು ಹಾಕಿಕೊಂಡು ವಾಪಸ್ ನಡೆದಳು. ಮರುದಿನ ಬೆಳಗ್ಗೆ ಮೊದಲ ವಾಲ್ವಿನ ಹತ್ತಿರ ನಿಂತಾಗ ನನ್ನ ಕಣ್ಣ ಮುಂದೆ ಅನಂತರಾಯರ ಪಟ್ಟಿ ಇರಲಿಲ್ಲ, ತಾತನ ತೂಬು ಇತ್ತು. ಮುಂದಿನ ಬೀದಿಗಳನ್ನು ಮುಚ್ಚಿಟ್ಟೆ. ನೇರ ಬಂಡೆಗೆ ಬಿಟ್ಟೆ.

ನೀರು ಹತ್ತಿತು. ನಲ್ಲಿಯಿಂದ ತೋಳಿನ ಗಾತ್ರ ಬಂತು. ಮುನಿತಾಯಮ್ಮ ಮೊದಲು ತುಂಬಿಕೊಳ್ಳಲಿಲ್ಲ. ಬಾಣಂತಿಯ ಮನೆಗೆ ಎರಡು ಕೊಡ ಹೊರಿಸಿದಳು, ಆಮೇಲೆ ತನ್ನ ಕೊಡ ಇಟ್ಟಳು. ನಾನು ಬಂಡೆಯ ಮೇಲೆ ಕುಳಿತು ನೋಡಿದೆ. ಆ ಬೆಳಗಿಗೆ ಸಮನಾದ ಬೆಳಗು ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಮೂರನೇ ದಿನ ಹಾಲಿ ಮೆಂಬರರ ಕಡೆಯವರು ತಮಟೆ ತಂದರು. ನಲ್ಲಿಗೆ ಚೆಂಡುಹೂವಿನ ಹಾರ ಹಾಕಿ, "ನಮ್ಮ ಮೆಂಬರು ಹೇಳಿದ ಹಾಗೆ ನೀರು ತಂದ್ರು" ಎಂದು ಕೂಗಿದರು. ಕೇರಿಯವರಿಗೆ ಯಾರು ತಂದರೆಂದು ಹೇಗೆ ಗೊತ್ತಾಗಬೇಕು? ನೀರಂತೂ ಬಂದಿತ್ತು. ನಾನು ತಂದೆನೆಂದು ನಾನು ಹೇಳುವಂತಿರಲಿಲ್ಲ, ಹೇಳಿದರೆ ಕೆಲಸ ಹೋಗುತ್ತಿತ್ತು. ಇತ್ತ ಮುಂದಿನ ಬೀದಿಗಳಲ್ಲಿ ನೋಟೀಸು ಹಿಡಿದು ಬೈಗುಳ. ಗೆಲ್ಲುವ ಮೊದಲೇ ನಮ್ಮ ನೀರು ತಡ ಮಾಡಿಸಿದ ಮಹಾನುಭಾವ ಎಂದು.

ಸೋಮಶೇಖರ ನನ್ನನ್ನು ಹುಡುಕಿ ಹಿಡಿದು ಅಂಗಡಿಗೆ ಎಳೆದೊಯ್ದ. ಗುರುಮಲ್ಲಪ್ಪನವರು ತಕ್ಕಡಿಯ ಹಿಂದೆ ಕುಳಿತಿದ್ದರು.

"ಇವನೇ ಭಾವ ನಮ್ಮನ್ನ ಮುಳುಗಿಸಿದ್ದು. ಹನುಮಯ್ಯ, ಇನ್ನೆರಡು ದಿನ. ಪಟ್ಟೀಲಿರೋ ಹಾಗೆ ಬಿಡು, ನಾನೇನು ಹೆಚ್ಚು ಕೇಳ್ತಿಲ್ಲ. ನೀರು ನಿಂತ್ರೆ ಬಂಡೆಯೋರಿಗೆ ಯಾರ ನೋಟೀಸಲ್ಲಿ ನೀರಿದೆ ಅಂತ ನೆನಪಾಗುತ್ತೆ. ಇಲ್ಲಿನೋರ ಬಾಯೂ ಮುಚ್ಚುತ್ತೆ."

ಅವನ ಲೆಕ್ಕ ಸರಿಯಾಗಿತ್ತು. ನಾನು ಪಟ್ಟಿಯಂತೆ ಬಿಟ್ಟರೆ ಯಾವ ಅಧಿಕಾರಿಯೂ ತಪ್ಪು ಹಿಡಿಯುವಂತಿರಲಿಲ್ಲ. ನಾನು ತಲೆ ತಗ್ಗಿಸಿದೆ. "ನನ್ನಿಂದ ತಪ್ಪಾಯ್ತು ಯಜಮಾನ್ರೇ. ನೀವು ಹೇಗೆ ಹೇಳಿದ್ರೆ ಹಾಗೆ."

ಗುರುಮಲ್ಲಪ್ಪನವರು ತಕ್ಕಡಿಯ ಒಂದು ತಟ್ಟೆಯನ್ನು ಬೆರಳಲ್ಲಿ ಅದುಮಿ ಬಿಟ್ಟರು. ಅದು ಮೇಲೆ ಕೆಳಗೆ ಆಡಿ ನಿಂತಿತು.

"ಸೋಮು, ನಾನು ಮೊದಲನೇ ಸಾಲಲ್ಲಿ ಏನು ಹಾಕಿದ್ದೀನಿ? ನೀರು ಅಂತ ತಾನೇ? ನಾನು ಗೆಲ್ಲೋದು ಅಂತ ಹಾಕಿಲ್ವಲ್ಲ." ನನ್ನ ಕಡೆ ತಿರುಗಿದರು. "ನಿಲ್ಲಿಸಬೇಡ ಕಣಯ್ಯ. ಬಂದ ನೀರು ನಿಲ್ಲಿಸಿ, ಆಮೇಲೆ ನೀರು ತರ್ತೀನಿ ಅಂತ ಆ ಮುದುಕಿ ಮುಂದೆ ಹೇಗೆ ನಿಂತ್ಕೊಳ್ಳಲಿ?"

ಸೋತರು. ಬಂಡೆ ಕೇರಿಯ ಓಟು ಹಾರ ಹಾಕಿದವರಿಗೆ ಹೋಯಿತು, ಮುಂದಿನ ಬೀದಿಗಳ ಓಟು ಅರ್ಧ ಒಡೆಯಿತು.

ಓಟಿನ ಮಾರನೆಯ ದಿನ ಅನಂತರಾಯರು ನನ್ನನ್ನು ಕರೆದರು. ಮೇಜಿನ ಮೇಲೆ ಮುಂದಿನ ಬೀದಿಗಳ ದೂರಿನ ರಾಶಿ.

"ಯಾರನ್ನ ಕೇಳಿ ಪಟ್ಟಿ ಬಿಟ್ಟು ತಿರುಗಿಸಿದೆ?"

"ನಮ್ಮ ತಾತನ್ನ ಸಾರ್."

"ಎಲ್ಲಿದ್ದಾನೆ ಅವನು?"

"ತೀರ್ಕೊಂಡು ಆರು ವರ್ಷ ಆಯ್ತು."

ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕರೋ ಏನೋ ಕಾಣಲಿಲ್ಲ. ಎಂಟು ದಿನ ಕೆಲಸಕ್ಕೆ ಬರಬೇಡ ಎಂದು ಬರೆದರು, ಕೀ ಇಸಿದುಕೊಂಡರು. ಪಟ್ಟಿ ಹಳೆಯ ಹಾಗೇ ಆಯಿತು. ಬಂಡೆಯ ನಲ್ಲಿಯ ಹಾರ ಒಣಗುವ ಮೊದಲೇ ಮತ್ತೆ ಗಾಳಿ. ಮುನಿತಾಯಮ್ಮ ತನ್ನ ಸುಣ್ಣದ ಬೊಟ್ಟಿನ ಕಲ್ಲನ್ನು ಮತ್ತೆ ಸಾಲಿಗೆ ತಂದಿಟ್ಟಳು. ಅವಳಿಗೆ ಆಗ ತಿಳಿಯಿತು, ನೀರಿಗೂ ತಮಟೆಗೂ ಸಂಬಂಧವಿರಲಿಲ್ಲವೆಂದು.

ಗುರುಮಲ್ಲಪ್ಪನವರು ಅಂಗಡಿಯಲ್ಲಿ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಸೋತ ನೋಟೀಸಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಂಡರು. ಬಂಡೆ ಕೇರಿಗೆ ಮೊದಲು ನೀರು ಬಿಟ್ಟು ನಮಗೆ ಒಂದು ಗಂಟೆ ತಡವಾಗಿ ಬಿಟ್ಟರೆ ನಮ್ಮ ತಕರಾರಿಲ್ಲ ಎಂದು. ಮೊದಲು ತಮ್ಮ ಮನೆಯಲ್ಲೇ ಹೆಂಡತಿಯ ಮುಂದಿಟ್ಟರು. ಆಕೆ ಏನೆಂದರೆಂದು ಆಮೇಲೆ ಗುರುಮಲ್ಲಪ್ಪನವರೇ ನನಗೆ ನಗುತ್ತಾ ಹೇಳಿದರು.

"ಅಚ್ಚು ಹಾಕಿಸೋ ಮುಂಚೆ ನನ್ನ ಕೇಳಿದ್ರಾ? ಹಿಂದಿನ ದಿನಾನೇ ಒಂದು ಹಂಡೆ ತುಂಬಿಟ್ಕೊಂಡ್ರೆ ಬೆಳಗ್ಗೆ ಆರರವರೆಗೆ ಯಾರಿಗೂ ತೊಂದರೆ ಇಲ್ಲ. ಇದನ್ನ ಹೆಂಗಸರಿಗೆ ಹೇಳಿದ್ರೆ ಅರ್ಥ ಆಗ್ತಿತ್ತು. ನೀವು ಗಂಡಸರಿಗೆ ಹೇಳಿದ್ರಿ" ಎಂದರಂತೆ ಆಕೆ. ಎಂದು, ಮೊದಲ ಸಹಿಯನ್ನೂ ಹಾಕಿದರಂತೆ.

ಮುಂದೆ ಗಂಡ ಹೆಂಡತಿ ಇಬ್ಬರೂ ಮನೆ ಮನೆ ಹತ್ತಿದರು. "ನಾನು ಸೋತೋನು. ಓಟು ಕೇಳೋಕೆ ಬಂದಿಲ್ಲ, ಧೈರ್ಯವಾಗಿ ಬಾಗಿಲು ತೆಗೀರಿ" ಎನ್ನುತ್ತಿದ್ದರು. ಬೈದವರಿದ್ದರು. ನಾಳೆ ಬನ್ನಿ ಎಂದವರಿದ್ದರು. ಗುಲಾಬಿ ಗಿಡದ ಮನೆಯವರಂತೂ ಮೂರು ಸಲ ತಿರುಗಿಸಿದರು. ನನ್ನ ಎಂಟು ದಿನ ಮುಗಿಯುವಷ್ಟರಲ್ಲಿ ನೋಟೀಸುಗಳ ಹಿಂಬದಿಯೆಲ್ಲ ಸಹಿಯಿಂದ ತುಂಬಿತ್ತು.

ಗುರುಮಲ್ಲಪ್ಪನವರು ತಂದುಕೊಟ್ಟ ಆ ಹಾಳೆಗಳನ್ನು ಅನಂತರಾಯರು ಒಂದೊಂದಾಗಿ ತಿರುಗಿಸಿ ನೋಡಿದರು. ದೂರಿನ ರಾಶಿಯನ್ನು ಪಕ್ಕದಲ್ಲಿಟ್ಟು ಹೆಸರು ಹೋಲಿಸಿದರು.

"ತಕರಾರು ಮಾಡೋರೇ ತಕರಾರಿಲ್ಲ ಅಂತ ಬರೆದುಕೊಟ್ಟ ಮೇಲೆ ನಾನ್ಯಾಕೆ ಮಾಡ್ಲಿ" ಎಂದು ಹೇಳಿ ಮೇಲಿನವರಿಗೆ ಬರೆದರು. ಒಪ್ಪಿಗೆ ಬಂತು. ಹಳೆಯ ಪಟ್ಟಿಯನ್ನು ಗೆರೆ ಎಳೆದು ಹೊಡೆದು, ಬಂಡೆ ಕೇರಿಯನ್ನು ಮೇಲೆ ಬರೆದು, ಕೀಯನ್ನು ನನ್ನ ಕೈಗೆ ಕೊಟ್ಟರು. "ನಿಮ್ಮ ತಾತನಿಗೆ ಹೇಳು, ಮುಂದಿನ ಸಲ ಅರ್ಜಿ ಬರೆದು ಕೇಳಲಿ ಅಂತ."

ಆಮೇಲೆ ನೀರಿನ ಕೆಲಸ ಬೇರೆ ಬೋರ್ಡಿಗೆ ಹೋಯಿತು, ಟ್ಯಾಂಕುಗಳು ದೊಡ್ಡದಾದವು, ಬಂಡೆಯ ಮೇಲೆ ಮನೆ ಮನೆಗೂ ನಲ್ಲಿ ಬಂತು. ಪಟ್ಟಿಗಳು ಎಷ್ಟೋ ಸಲ ಬದಲಾದವು. ನಾನಿರುವವರೆಗೆ ಬಂಡೆ ಕೇರಿಯ ಸಾಲು ಕೆಳಗೆ ಇಳಿಯಲಿಲ್ಲ. ಹೊಸಬರಿಗೆ ಒಂದು ಮಾತು: ಪಟ್ಟಿ ತಪ್ಪಾಗಿದ್ದರೆ ಕದ್ದು ತಿರುಗಿಸಬೇಡಿ. ಪಟ್ಟಿಯನ್ನು ತಿದ್ದಿಸಿ. ನಾನು ಕದ್ದು ಬಿಟ್ಟ ನೀರು ಐದು ದಿನ ಬಂತು, ಅವರು ತಿದ್ದಿಸಿ ತಂದ ನೀರು ಇನ್ನೂ ಬರುತ್ತಿದೆ.

ಮುಂದಿನ ಚುನಾವಣೆಗೆ ಗುರುಮಲ್ಲಪ್ಪನವರು ಮತ್ತೆ ನಿಂತರು. ನೋಟೀಸು ಅಚ್ಚಾಗಿ ಬಂದ ದಿನ ಸೋಮಶೇಖರ ಕಟ್ಟು ಬಿಚ್ಚಿ ನೋಡಿದವನೇ ಪ್ರೆಸ್ಸಿನವರ ಜೊತೆ ಜಗಳಕ್ಕೆ ಸೈಕಲ್ ಹತ್ತಿದ. ಪಟ್ಟಿ ಎರಡರಿಂದ ಶುರುವಾಗಿತ್ತು. ಒಂದನೆಯ ಸಾಲಿನ ಜಾಗ ಖಾಲಿ.

"ಇಳಿಯೋ ಸೋಮು" ಎಂದರು ಗುರುಮಲ್ಲಪ್ಪನವರು. "ನಾನೇ ಹಾಗೆ ಹಾಕಿಸಿದ್ದು. ಆಗಿರೋ ಕೆಲಸಾನ ಮಾಡ್ತೀನಿ ಅಂತ ಹೇಗೆ ಬರೀಲಿ?"

ಒಂದು ನೋಟೀಸು ಗಾಳಿಗೆ ಹಾರಿ ಹೋಗಿ ಬಂಡೆ ಕೇರಿಯಲ್ಲಿ ಬಿದ್ದಿತ್ತೆಂದು ಇಟ್ಟುಕೊಳ್ಳಿ. ಬೆಳಗ್ಗೆ ನಾನು ಸಲಾಕೆಯನ್ನು ಕಿವಿಗಿಟ್ಟುಕೊಂಡು ನಿಂತಿದ್ದಾಗ ಮುನಿತಾಯಮ್ಮ ಅದನ್ನು ತಂದು ನನ್ನ ಮುಂದೆ ಹಿಡಿದಳು. ಓದು ಎಂದಳು. ಓದುವುದು ತಪ್ಪಲ್ಲವಲ್ಲ, ಓದಿದೆ.

"ಎರಡು, ಬೀದಿ ದೀಪ. ಮೂರು, ವಾಚನಾಲಯ."

"ತಡಿ. ಒಂದು ಎಲ್ಲಿ?"

"ಒಂದು ಇಲ್ಲಮ್ಮ. ಖಾಲಿ ಬಿಟ್ಟವರೆ."

ಅವಳು ಖಾಲಿ ಜಾಗದ ಮೇಲೆ ಒದ್ದೆ ಬೆರಳಿಟ್ಟಳು. ಹಿಂದೆ ನಲ್ಲಿ ತೋಳಿನ ಗಾತ್ರ ಸುರಿಯುತ್ತಿತ್ತು, ಅವಳ ಕೊಡ ತುಂಬಿ ಹೊರಚೆಲ್ಲುತ್ತಿತ್ತು.

"ನಾಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋನ ಕೈಲಿ ಓದಿಸಿದ್ರೆ ಹಿಂಗೇ" ಎಂದು ಹೇಳಿ, ಕೊಡವನ್ನು ಸೊಂಟಕ್ಕೆತ್ತಿಕೊಂಡು, ಕೇರಿಯ ಉದ್ದಕ್ಕೂ ಓಟಿನ ದಿನ ಯಾವತ್ತೆಂದು ಕೂಗುತ್ತಾ ಹೋದಳು.

ಆ ಸಲ ಅವರು ಗೆದ್ದರು. ಏಳನೆಯ ಸಾಲಿನ ಕಾರಂಜಿ ಮಾತ್ರ ಆಗಲೇ ಇಲ್ಲ. ಯಾರೂ ಕೇಳಲೂ ಇಲ್ಲ.